ಓದುವ ಮಕ್ಕಳ ಮನದ ಭಾರ

(ತೊರವಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಾನು ವೈದ್ಯನಲ್ಲ, ಸರ್ಕಾರಿ ಇಂಜಿನಿಯರಾಗಿ ನಿವೃತ್ತನಾದವನು. ಈ ವಿಷಯ ಮಾತಾಡಲು ಕಾರಣ ನನ್ನದೇ ಮನೆಯಲ್ಲಿ ನಡೆದ ಸಂಗತಿ. ಆ ಮಗಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಕಾಲೇಜು, ಹಾಸ್ಟೆಲ್ ಮುಚ್ಚಿದವು. ಇದೇ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಹಳ್ಳಿಯಿಂದ ಓದಲು ಬಂದ ಹೆಣ್ಣುಮಕ್ಕಳಿಗೆ ಮನೆಗೆ ಮರಳುವುದೆಂದರೆ ಏನೆಂದು ನಿಮಗೆ ಗೊತ್ತು. ಪಾಠ ಮೊಬೈಲಿನಲ್ಲಿ, ಮೊಬೈಲು ಅಪ್ಪನ ಕಿಸೆಯಲ್ಲಿ. ನೆಟ್‌ವರ್ಕ್ ಬೇಕಾದರೆ ಮಾಳಿಗೆ ಹತ್ತಬೇಕು. ಪರೀಕ್ಷೆ ಯಾವಾಗ ಎಂದು ಯಾರಿಗೂ ತಿಳಿಯದು. ಅಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತು.

ನನ್ನ ತಮ್ಮನ ಮಗಳು ಆಗ ಪದವಿ ಓದುತ್ತಿದ್ದಳು. ಊಟ ಕಡಿಮೆಯಾಯಿತು, ನಿದ್ದೆ ಹೋಯಿತು, ಗೆಳತಿಯರ ಫೋನೂ ಎತ್ತುತ್ತಿರಲಿಲ್ಲ. ನಾನು, "ನಾವು ಕಂದೀಲಿನ ಬೆಳಕಿನಾಗ ಓದಿದವರು, ನಿಮಗೇನು ಕಡಿಮಿ ಆಗೈತಿ?" ಅಂದೆ. ಅವಳು ಮರುಮಾತಾಡಲಿಲ್ಲ. ಧೈರ್ಯ ಹೇಳಿದೆ ಅಂದುಕೊಂಡೆ. ನಿಜವಾಗಿ ಅವಳ ಬಾಯಿ ಮುಚ್ಚಿಸಿದ್ದೆ.

ಕೆಲವು ದಿನಗಳ ಮೇಲೆ ಅವಳೇ ಬಂದು, "ದೊಡ್ಡಪ್ಪ, ರಾತ್ರಿ ಮಲಗಿದಾಕಿ ಮುಂಜಾನೆ ಏಳಬಾರದು ಅನಸ್ತೈತ್ರಿ" ಅಂದಳು. ಬೈಯಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಆದರೆ ಕೈ ನಡುಗಿ ಅಲ್ಲೇ ಕುಳಿತೆ. "ಸಾಯಬೇಕು ಅನಸ್ತೈತೇನವ್ವಾ?" ಎಂದು ನೇರವಾಗಿ ಕೇಳಿದೆ. ಹೌದೆಂದು ಅತ್ತಳು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ನಮ್ಮಲ್ಲಿದೆ. ಹಾಗಾಗುವುದಿಲ್ಲ, ಕೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಆಮೇಲೆ ವೈದ್ಯರು ಹೇಳಿದರು.

ಆ ರಾತ್ರಿ ಅವಳ ತಾಯಿ ಪಕ್ಕದಲ್ಲೇ ಮಲಗಿದಳು. ಮುಂಜಾನೆ ಮನೋವೈದ್ಯರ ಹತ್ತಿರ ಹೋಗೋಣವೆಂದರೆ, "ಹೊರಗ ಗೊತ್ತಾದರ ವರ ಯಾರು ಬರ್ತಾರ?" ಎಂಬ ಜಗಳ. ಜಗಳ ಮಾಡಿಯೇ ಕರೆದೊಯ್ದೆ. ತಿಂಗಳುಗಟ್ಟಲೆ ಔಷಧ, ಮಾತುಕತೆ ನಡೆದವು. ಪದವಿ ಮುಗಿಯಿತು. ಈಗಲೂ ಕೆಲವು ದಿನ ಮನಸ್ಸು ಭಾರವಾಗುತ್ತದೆ. ಆದರೆ ಅಂದೇ ಬಂದು ಹೇಳುತ್ತಾಳೆ.

ದೇಶದಲ್ಲಿ 2020ರಲ್ಲಿ 12,526, 2021ರಲ್ಲಿ 13,089 ವಿದ್ಯಾರ್ಥಿಗಳು ಜೀವ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕ ಹೇಳುತ್ತದೆ. ಒಂದು ಪರೀಕ್ಷೆ, ಒಂದು ಬೈಗುಳ ಮಾತ್ರ ಇದಕ್ಕೆ ಕಾರಣವಲ್ಲ. ಹಲವು ಭಾರಗಳು ಕೂಡಿರುತ್ತವೆ.

ಆದಿಲಶಾಹಿಗಳ ಕಾಲದಲ್ಲಿ ಈ ತೊರವಿಯಿಂದ ವಿಜಯಪುರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ಹೋಗುತ್ತಿತ್ತು. ನಗರದಲ್ಲಿ ಇಂದಿಗೂ ಗಂಜ್ ಎಂಬ ನೀರಿನ ಗೋಪುರಗಳು ನಿಂತಿವೆ. ಕೊಳವೆ ಒಡೆಯದಂತೆ ನೀರಿನ ಒತ್ತಡ ಇಳಿಸಲು ಅವನ್ನು ಕಟ್ಟಿದರು. ಕೊಳವೆ ಒಡೆದರೆ ಇಂಜಿನಿಯರು ಕೊಳವೆಯನ್ನು ಬೈಯುವುದಿಲ್ಲ, ಒತ್ತಡ ಇಳಿಯಲು ದಾರಿ ಇತ್ತೇ ಎಂದು ನೋಡುತ್ತಾನೆ. ಮಕ್ಕಳ ವಿಷಯದಲ್ಲಿ ನಾವು ಹಾಗೆ ನೋಡುತ್ತಿದ್ದೇವೆಯೇ?

ನಮ್ಮವರೇ ಇದನ್ನು ಪೂರ್ವಜನ್ಮದ ಕರ್ಮ, ಗ್ರಹಚಾರ ಎನ್ನುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಬಸವಾದಿ ಶರಣರು ತಿರಸ್ಕರಿಸಿದ್ದನ್ನೇ ಮನೆಯೊಳಗೆ ತಂದುಕೊಂಡರೆ ನಾವು ಎಂಥ ಬಸವಭಕ್ತರು? ಇಷ್ಟಲಿಂಗ ಪೂಜೆ ಮನಸ್ಸಿಗೆ ನೆಮ್ಮದಿ ಕೊಡುತ್ತದೆ, ನಿಜ. ಆದರೆ ಸಕ್ಕರೆ ಕಾಯಿಲೆಗೆ ಔಷಧ ಬಿಟ್ಟು ಪೂಜೆ ಮಾತ್ರ ಮಾಡು ಎನ್ನುತ್ತೇವೆಯೇ? ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಕಾನೂನಿಗೆ ಬಂದ ಕರುಣೆ ನಮ್ಮ ಮನೆಗಳಿಗೂ ಬರಲಿ.

ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ, ಹೆಣ್ಣುಮಕ್ಕಳೂ ಮಾತಾಡಿದರು, ಹಿರಿಯರು ಕೇಳಿದರು. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ವಾರಕ್ಕೊಂದು ಗಂಟೆ ಮಕ್ಕಳು ಮಾತಾಡಲಿ, ನಾವು ಉಪದೇಶ ಬಿಟ್ಟು ಕೇಳೋಣ. 14416 ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸೋಣ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳು ಸಾವಿನ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಜೊತೆಗೆ ಕುಳಿತು ಕರೆ ಮಾಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಇಲ್ಲಿ ಕುಳಿತ ಮಕ್ಕಳಿಗೆ ಒಂದು ಮಾತು: ನಿಮ್ಮ ಮಾತಿನಿಂದ ನಮಗೆ ಭಾರವಾಗುವುದಿಲ್ಲ. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿರಿ. ನಾನೂ ಮೊದಲ ಸಲ ಕೇಳಿಸಿಕೊಳ್ಳಲಿಲ್ಲ. ಅವಳು ಎರಡನೇ ಸಲ ಬಂದದ್ದು ನಮ್ಮ ಮನೆಯ ಪುಣ್ಯ.