ಕೊನೆಯಿಂದ ಮೊದಲಿಗೆ ಬರೆದ ಕಾದಂಬರಿ

(ಕಾದಂಬರಿ ರಚನೆ ಕುರಿತ ಕಮ್ಮಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗಿನ ಗೋಷ್ಠಿಯಲ್ಲಿ ನಿಮ್ಮಲ್ಲೊಬ್ಬರು ಒಂದು ಕಷ್ಟ ಹೇಳಿಕೊಂಡರು. ಕಾದಂಬರಿಯ ಕೊನೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದೆ, ಆದರೆ ಮೊದಲ ಅಧ್ಯಾಯ ಮಾತ್ರ ಎರಡು ವರ್ಷದಿಂದ ಮುಂದೆ ಸರಿಯುತ್ತಿಲ್ಲ ಎಂದರು. ಹಾಗಿದ್ದರೆ ಕೊನೆಯನ್ನೇ ಏಕೆ ಮೊದಲು ಬರೆಯಬಾರದು ಎಂದು ಕೇಳಿದಾಗ ಸಭೆಯಲ್ಲಿ ನಗು ಕೇಳಿಸಿತು. ನಗುವಂಥ ಮಾತೇನಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಓದಿಸಿಕೊಂಡ ಕಾದಂಬರಿಗಳಲ್ಲಿ ಒಂದು ಹಾಗೆಯೇ ಹುಟ್ಟಿದ್ದು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕಾದಂಬರಿಯೊಂದರಲ್ಲಿ ಮೂರು ಕ್ರಮಗಳಿರುತ್ತವೆ. ಕತೆಯ ಘಟನೆಗಳು ಕಾಲದಲ್ಲಿ ನಡೆದ ಕ್ರಮ ಒಂದು. ಓದುಗನ ಮುಂದೆ ಅವು ಬಂದು ನಿಲ್ಲುವ ಕ್ರಮ ಇನ್ನೊಂದು. ನೆನಪಿನ ತಂತ್ರದಿಂದ ಹಿಂದುಮುಂದಾಗುವುದು ಇದು. ಲೇಖಕ ತನ್ನ ಮೇಜಿನ ಮುಂದೆ ಕುಳಿತು ಅವನ್ನು ಬರೆದ ಕ್ರಮ ಮೂರನೆಯದು. ವಿಮರ್ಶಕರು ಮೊದಲೆರಡರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಮೂರನೆಯದು ಅಚ್ಚಾದ ಪುಸ್ತಕದಲ್ಲಿ ಕಾಣಿಸುವುದಿಲ್ಲವಾದ್ದರಿಂದ ಯಾರೂ ಅದನ್ನು ಅಷ್ಟಾಗಿ ಕೇಳುವುದಿಲ್ಲ. ಪುಟ ಒಂದರಿಂದ ಓದುತ್ತೇವೆ. ಬರೆದದ್ದೂ ಪುಟ ಒಂದರಿಂದಲೇ ಇರಬೇಕು ಎಂದುಕೊಳ್ಳುತ್ತೇವೆ.

ಈ ನಂಬಿಕೆಗೆ ಧಾರಾವಾಹಿಯ ಪರಂಪರೆಯೂ ಒಂದು ಕಾರಣವಿರಬಹುದು. 1836ರಲ್ಲಿ ಚಾರ್ಲ್ಸ್ ಡಿಕನ್ಸ್ 'ಪಿಕ್‌ವಿಕ್ ಪೇಪರ್ಸ್' ಅನ್ನು ತಿಂಗಳಿಗೊಂದು ಕಂತಿನಂತೆ ಪ್ರಕಟಿಸತೊಡಗಿದಾಗ, ಮುಂದಿನ ಕಂತು ಬರೆಯುವ ಹೊತ್ತಿಗೆ ಹಿಂದಿನದು ಓದುಗರ ಮನೆ ಸೇರಿರುತ್ತಿತ್ತು. ಮೂರನೆಯ ಕಂತಿನಲ್ಲಿ ಸಾಯಿಸಿದವನನ್ನು ಹತ್ತನೆಯದರಲ್ಲಿ ಬದುಕಿಸುವಂತಿಲ್ಲ. ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದ ನಮಗೂ ಇದು ಗೊತ್ತಿರುವ ಸಂಗತಿಯೇ. ಅಲ್ಲಿ ಕ್ರಮ ತಪ್ಪಿಸಲು ಲೇಖಕನಿಗೆ ಸ್ವಾತಂತ್ರ್ಯವೇ ಇಲ್ಲ.

'ಪಿಕ್‌ವಿಕ್' ಆರಂಭವಾಗಿ ಸರಿಯಾಗಿ ನೂರು ವರ್ಷಕ್ಕೆ, 1936ರ ಜೂನ್ 30ರಂದು, ಅಮೆರಿಕದಲ್ಲಿ ಮಾರ್ಗರೆಟ್ ಮಿಚೆಲ್ ಅವರ 'ಗಾನ್ ವಿತ್ ದ ವಿಂಡ್' ಹೊರಬಂತು. ಸಾವಿರಕ್ಕೂ ಮೀರಿದ ಪುಟಗಳ ಪುಸ್ತಕ. ಆರು ತಿಂಗಳಲ್ಲಿ ಹತ್ತು ಲಕ್ಷ ಪ್ರತಿಗಳು ಖರ್ಚಾದವು. ಗುಲಾಮಗಿರಿಯ ಕ್ರೌರ್ಯಕ್ಕೆ ಅದು ಕಣ್ಣುಮುಚ್ಚಿಕೊಂಡಿದೆ, ಜಮೀನ್ದಾರರ ದಕ್ಷಿಣವನ್ನು ಕಳೆದುಹೋದ ಸ್ವರ್ಗದಂತೆ ಚಿತ್ರಿಸಿದೆ ಎಂಬ ಆಕ್ಷೇಪ ನ್ಯಾಯವಾದದ್ದು. ಅದನ್ನು ಹೇಳದೆ ಆ ಪುಸ್ತಕದ ಮಾತೆತ್ತುವುದು ಸರಿಯಲ್ಲ. ಇಲ್ಲಿ ನನಗೆ ಬೇಕಾಗಿರುವುದು ಅದು ತಯಾರಾದ ರೀತಿ.

ಮಿಚೆಲ್ ಅಟ್ಲಾಂಟಾದ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಬರೆಯುತ್ತಿದ್ದವರು. 1926ರಲ್ಲಿ ಪಾದದ ಕೀಲಿನ ನೋವಿನಿಂದ ಕೆಲಸ ಬಿಟ್ಟು ಮನೆಯಲ್ಲೇ ಉಳಿಯಬೇಕಾಯಿತು. ಗಂಡ ಜಾನ್ ಮಾರ್ಷ್ ಗ್ರಂಥಾಲಯದಿಂದ ಪುಸ್ತಕಗಳನ್ನು ಹೊತ್ತು ತಂದು ತಂದು ಸಾಕಾಗಿ, ಓದುವುದಕ್ಕೆ ಇನ್ನೇನೂ ಉಳಿದಿಲ್ಲ, ನೀನೇ ಒಂದು ಬರೆ ಎಂದರಂತೆ. ಪುಟ್ಟ ಮನೆಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತ ಆಕೆ ಮೊದಲು ಬರೆದದ್ದು ಕೊನೆಯ ಅಧ್ಯಾಯ: ರೆಟ್ ಬಟ್ಲರ್ ಹೆಂಡತಿ ಸ್ಕಾರ್ಲೆಟ್‌ಳನ್ನು ಬಿಟ್ಟು ಹೊರಟುಹೋಗುವ ಸನ್ನಿವೇಶ. ಅಲ್ಲಿಂದಾಚೆಗೆ ಯಾವ ಭಾಗ ಮನಸ್ಸಿಗೆ ಹತ್ತಿರವೆನಿಸಿತೋ ಅದನ್ನು ಬರೆದರು. ಒಂದೊಂದು ಅಧ್ಯಾಯವನ್ನೂ ಅದರ ಟಿಪ್ಪಣಿ, ತಿದ್ದುಪಡಿಗಳ ಸಮೇತ ಒಂದೊಂದು ದೊಡ್ಡ ಲಕೋಟೆಗೆ ತುಂಬಿಟ್ಟರು. ಅತಿಥಿಗಳು ಬಂದರೆ ಬರೆಯುತ್ತಿದ್ದುದರ ಮೇಲೆ ಬಟ್ಟೆ ಮುಚ್ಚುತ್ತಿದ್ದರು.

1935ರ ಏಪ್ರಿಲ್‌ನಲ್ಲಿ ಮ್ಯಾಕ್‌ಮಿಲನ್ ಸಂಸ್ಥೆಯ ಹೆರಾಲ್ಡ್ ಲೇತಮ್ ಹೊಸ ಹಸ್ತಪ್ರತಿಗಳನ್ನು ಹುಡುಕುತ್ತ ಅಟ್ಲಾಂಟಾಕ್ಕೆ ಬಂದರು. ತಮ್ಮ ಬಳಿ ಏನೂ ಇಲ್ಲವೆಂದು ಮಿಚೆಲ್ ಮೊದಲು ಸಾಧಿಸಿದರು. ಆಮೇಲೆ, ನೀನೆಲ್ಲಿ ಕಾದಂಬರಿ ಬರೆಯುವವಳು ಎಂಬರ್ಥದ ಮಾತೊಂದನ್ನು ಪರಿಚಯದ ಹುಡುಗಿಯಿಂದ ಕೇಳಿ, ಸಿಟ್ಟಿನಲ್ಲಿ ಲಕೋಟೆಗಳನ್ನೆಲ್ಲ ಬಾಚಿಕೊಂಡು ಹೋಗಿ ಅವರ ಕೈಗಿತ್ತರು. ಅದನ್ನು ಸಾಗಿಸಲು ಲೇತಮ್ ಹೊಸ ಸೂಟ್‌ಕೇಸೊಂದನ್ನೇ ಕೊಳ್ಳಬೇಕಾಯಿತು. ಮನಸ್ಸು ಬದಲಾಗಿದೆ, ಹಸ್ತಪ್ರತಿ ವಾಪಸು ಕಳಿಸಿ ಎಂದು ಮಿಚೆಲ್ ತಂತಿ ಕೊಡುವಷ್ಟರಲ್ಲಿ ಅವರು ಓದಲು ಶುರುಮಾಡಿಬಿಟ್ಟಿದ್ದರು.

ಓದಿದ್ದಾದರೂ ಏನನ್ನು? ಅದರಲ್ಲಿ ಮೊದಲ ಅಧ್ಯಾಯವೇ ಇರಲಿಲ್ಲ. ಕೆಲವು ಅಧ್ಯಾಯಗಳಿಗೆ ಹಲವು ರೂಪಗಳಿದ್ದವು. ಸ್ಕಾರ್ಲೆಟ್‌ಳ ಎರಡನೆಯ ಗಂಡ ಫ್ರಾಂಕ್ ಕೆನಡಿ ಎರಡು ಬೇರೆ ಬೇರೆ ರೀತಿಯಲ್ಲಿ ಸಾಯುತ್ತಿದ್ದ. ನಾಯಕಿಯ ಹೆಸರು ಸ್ಕಾರ್ಲೆಟ್ ಕೂಡ ಆಗಿರಲಿಲ್ಲ, ಆಗಿನ್ನೂ ಪ್ಯಾನ್ಸಿ. ಆದರೂ ಪ್ರಕಾಶಕರಿಗೆ ಅಲ್ಲೊಂದು ಕಾದಂಬರಿ ಕಂಡಿತು.

ಏಕೆ ಕಂಡಿತು ಎಂಬುದೇ ನಮ್ಮ ಪ್ರಶ್ನೆ. ಲಕೋಟೆಗಳು ಚೆಲ್ಲಾಪಿಲ್ಲಿಯಾಗಿದ್ದರೂ ಅವೆಲ್ಲ ಮುಖ ಮಾಡಿದ್ದು ಒಂದೇ ಕಡೆಗೆ. ಕೊನೆಯಲ್ಲಿ ಸ್ಕಾರ್ಲೆಟ್‌ಗೆ ಅರಿವಾಗುವುದಿಷ್ಟು: ವರ್ಷಗಟ್ಟಲೆ ತಾನು ಹಂಬಲಿಸಿದ ಆಶ್ಲಿ ತಾನೇ ಕಲ್ಪಿಸಿಕೊಂಡ ಬೊಂಬೆ, ನಿಜವಾಗಿ ಬೇಕಾಗಿದ್ದವನ ಪ್ರೀತಿ ಈಗ ಬತ್ತಿಹೋಗಿದೆ. ಇದು ಮೊದಲೇ ಬರೆದಾಗಿತ್ತು. ತಿಂಗಳುಗಟ್ಟಲೆ ತಿಣುಕಿ, ಹತ್ತಾರು ಸಲ ಹರಿದುಹಾಕಿ ಬರೆದ ಮೊದಲ ಅಧ್ಯಾಯವನ್ನು ಈಗ ತೆರೆದು ನೋಡಿ. ಆಶ್ಲಿಗೆ ಬೇರೆ ಹುಡುಗಿಯ ಜೊತೆ ಮದುವೆ ಗೊತ್ತಾಗಿದೆ ಎಂಬ ಸುದ್ದಿ ಸ್ಕಾರ್ಲೆಟ್‌ಳ ಕಿವಿಗೆ ಬೀಳುವುದು ಅಲ್ಲಿಯೇ. ಸಾವಿರ ಪುಟಗಳಾಚೆ ಒಡೆಯಬೇಕಾದ ಭ್ರಮೆಯ ಗಡಿಗೆಯನ್ನು ಅಲ್ಲಿ ಹೊತ್ತಿಸಿ ಕಳಿಸಿದ್ದಾರೆ. ಆರಂಭ ಕಷ್ಟವಾಗುವುದು ಕೈಯಲ್ಲಿ ಕಸುವಿಲ್ಲದ್ದರಿಂದಲೇ ಇರಬೇಕಾಗಿಲ್ಲ. ಪುಸ್ತಕ ಏನಾಗುತ್ತದೆಂದು ಇನ್ನೂ ತಿಳಿಯದಿದ್ದಾಗ ಅದರ ಬಾಗಿಲನ್ನು ಎಲ್ಲಿಡುವುದು?

ಹಾಗೆಂದು ಇದು ಸುಲಭದ ದಾರಿಯಲ್ಲ. ಬಿಡಿ ಬಿಡಿಯಾಗಿ ನೆಯ್ದದ್ದನ್ನು ಹೊಲಿಯುವ ಕೆಲಸ ಉಳಿದೇ ಇರುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಅಟ್ಲಾಂಟಾ ಬಿದ್ದದ್ದು 1864ರ ಸೆಪ್ಟೆಂಬರ್ ಮೊದಲಲ್ಲಿ. ಆ ಗದ್ದಲದ ನಡುವೆಯೇ ಆಶ್ಲಿಯ ಹೆಂಡತಿ ಮೆಲನಿಗೆ ಹೆರಿಗೆಯಾಗುತ್ತದೆ. ಗಂಡ ಯುದ್ಧಭೂಮಿಯಲ್ಲಿರುವಾಗ ಮಗು ಹುಟ್ಟಬೇಕಾದರೆ ಅವನು ರಜೆಯ ಮೇಲೆ ಬಂದು ಹೋದದ್ದು ಯಾವಾಗ? ಕಾದಂಬರಿಯಲ್ಲಿ ಅದು 1863ರ ಕ್ರಿಸ್‌ಮಸ್. ಇತಿಹಾಸದ ತಾರೀಖು ಲೇಖಕಿಗಾಗಿ ಜರುಗುವುದಿಲ್ಲ; ಪಾತ್ರಗಳೇ ಜರುಗಬೇಕು. ಒಪ್ಪಂದವಾದ ಮೇಲೆ ಗಂಡಹೆಂಡತಿ ತಿಂಗಳುಗಟ್ಟಲೆ ಕುಳಿತು ವಯಸ್ಸು, ತಾರೀಖು, ಚರಿತ್ರೆಯ ವಿವರಗಳನ್ನು ತಾಳೆ ನೋಡಿದರು. ಕ್ರಮವಾಗಿ ಬರೆಯುವವನು ದಾರಿಯುದ್ದಕ್ಕೂ ಕಂತಿನಲ್ಲಿ ತೀರಿಸುವ ಸಾಲವನ್ನು ಇವರು ಒಮ್ಮೆಗೇ ತೀರಿಸಿದರೆನ್ನಬಹುದು.

ತೀರಿಸಲು ಆಯುಷ್ಯ ಸಾಲದಿದ್ದರೆ? ಫ್ರಾನ್ಸಿನ ಮಾರ್ಸೆಲ್ ಪ್ರೂಸ್ತ್ ತನ್ನ ಮಹಾಕಾದಂಬರಿಯ ಮೊದಲ ಸಂಪುಟದ ಮೊದಲ ಅಧ್ಯಾಯವಾದ ಕೂಡಲೇ ಕೊನೆಯ ಸಂಪುಟದ ಕೊನೆಯ ಅಧ್ಯಾಯವನ್ನು ಬರೆದಿದ್ದಾಗಿ ಹೇಳಿಕೊಂಡಿದ್ದಾನೆ. ಮೊದಲ ಸಂಪುಟ 1913ರಲ್ಲಿ ಬಂತು. ಮರುವರ್ಷ ಮಹಾಯುದ್ಧ ಆರಂಭವಾಗಿ ಪ್ರಕಟಣೆ ನಿಂತಾಗ ನಡುವಿನ ಭಾಗ ಉಬ್ಬುತ್ತ ಹೋಗಿ, ಮೂರು ಸಂಪುಟವೆಂದುಕೊಂಡದ್ದು ಏಳಾಯಿತು. 1922ರ ನವೆಂಬರಿನಲ್ಲಿ ಆತ ತೀರಿಕೊಂಡಾಗ ಕೊನೆಯ ಮೂರು ಸಂಪುಟಗಳು ಇನ್ನೂ ಅಚ್ಚಾಗಿರಲಿಲ್ಲ. ಅವುಗಳಲ್ಲಿ ಹೊಲಿಗೆ ಬಿಟ್ಟ ಜಾಗಗಳಿವೆ: ಸತ್ತನೆಂದು ಓದಿದ ವೈದ್ಯ ಕೊತಾರ್ ಕೆಲವು ಪುಟಗಳ ನಂತರ ಔತಣಕೂಟದಲ್ಲಿ ಹಾಜರಾಗುತ್ತಾನೆ. ಆದರೆ ಮುಕ್ತಾಯವಿದೆ. ಎಂದೋ ಬರೆದಿಟ್ಟಿದ್ದ ಆ ಕೊನೆ, ಬೆಳೆದು ತಿದ್ದುಪಡಿಗೊಂಡು, 1927ರಲ್ಲಿ ಬೆಳಕು ಕಂಡಿತು.

ಇದರ ಪಕ್ಕದಲ್ಲಿ ಡಿಕನ್ಸ್‌ನನ್ನು ನೆನೆಯಿರಿ. 1870ರ ಜೂನ್‌ನಲ್ಲಿ ಆತ ಸತ್ತಾಗ 'ಎಡ್ವಿನ್ ಡ್ರೂಡ್' ಕಾದಂಬರಿಯ ಹನ್ನೆರಡು ಕಂತುಗಳಲ್ಲಿ ಆರು ಮುಗಿದಿದ್ದವು. ಕ್ರಮ ತಪ್ಪದ, ಸೊಗಸಾದ ಆರು ಕಂತು. ಡ್ರೂಡ್ ಏನಾದ, ಅವನನ್ನು ಕೊಂದರೆ, ಕೊಂದವರು ಯಾರು ಎಂದು ಜನ ಇನ್ನೂ ಚರ್ಚಿಸುತ್ತಲೇ ಇದ್ದಾರೆ.

ಮಿಚೆಲ್ 1949ರಲ್ಲಿ ಕಾರು ಬಡಿದು ತೀರಿಕೊಂಡರು. ಅವರ ಇಚ್ಛೆಯಂತೆ ಹಸ್ತಪ್ರತಿಯ ಬಹುಭಾಗವನ್ನು ಸುಟ್ಟುಹಾಕಲಾಯಿತು. ಪುಸ್ತಕ ಆಕೆಯದೇ ಎಂದು ಮುಂದೆಂದಾದರೂ ಸಾಬೀತುಪಡಿಸಬೇಕಾಗಿ ಬಂದರೆ ಇರಲಿ ಎಂದು ಕೆಲವು ಹಾಳೆಗಳನ್ನು ಮಾತ್ರ ಬ್ಯಾಂಕಿನ ಭದ್ರಕೋಣೆಯಲ್ಲಿ ಮೊಹರು ಮಾಡಿ ಇಡಲಾಗಿತ್ತು. ಅಚ್ಚಿಗೆ ಹೋದ ಪ್ರತಿಯ ಒಂದು ಭಾಗ ಬೇರೆಡೆ ಉಳಿದಿತ್ತು. 2011ರಲ್ಲಿ ಕನೆಕ್ಟಿಕಟ್ ರಾಜ್ಯದ ಪೀಕ್ವಾಟ್ ಗ್ರಂಥಾಲಯ ಅದನ್ನು ಪ್ರದರ್ಶನಕ್ಕಿಟ್ಟಿತು. ಅದು ಕಾದಂಬರಿಯ ಕೊನೆಯ ನಾಲ್ಕು ಅಧ್ಯಾಯ.