ಎಷ್ಟು ದೂರ ಮುಂದೆ ನೋಡಬೇಕು?



ಕುಷ್ಟಗಿಯಲ್ಲಿ ನಿಮ್ಮದೊಂದು ಅಕ್ಕಿ ಅಂಗಡಿ ಇದೆ ಎಂದುಕೊಳ್ಳಿ. ಮಾಲು ಗಂಗಾವತಿಯ ಗಿರಣಿಯಿಂದ ಬರಬೇಕು. ಚೀಲ ಎಷ್ಟೇ ಇರಲಿ, ಟೆಂಪೋ ಒಂದು ಸಲ ಬಂದರೆ ಬಾಡಿಗೆ 1000 ರೂಪಾಯಿ. ಒಂದು ಚೀಲವನ್ನು ತಿಂಗಳ ಕಾಲ ಇಟ್ಟುಕೊಳ್ಳಲು ಬಡ್ಡಿ, ಗೋದಾಮು, ಇಲಿ-ಹುಳುಗಳ ಕಾಟ ಎಲ್ಲ ಸೇರಿ 10 ರೂಪಾಯಿ ಖರ್ಚು. ಮೊದಲ ತಿಂಗಳಿಗೆ 60 ಚೀಲ, ಎರಡನೆಯದಕ್ಕೆ 30, ಮೂರನೆಯದಕ್ಕೆ 120 ಬೇಕು. ಅಂಕಿಗಳು ಕೇವಲ ಉದಾಹರಣೆಗೆ.

ಎರಡನೆಯ ತಿಂಗಳ 30 ಚೀಲವನ್ನು ಮೊದಲೇ ತಂದಿಟ್ಟರೆ 300 ರೂಪಾಯಿ ಖರ್ಚು. ಆದರೆ ಒಂದು ಬಾಡಿಗೆ ಉಳಿಯುತ್ತದೆ. ಅದು ಲಾಭ. ಮೂರನೆಯ ತಿಂಗಳ 120 ಚೀಲವನ್ನು ಒಂದೇ ತಿಂಗಳು ಮುಂಚೆ ತಂದರೂ 1200 ರೂಪಾಯಿ ಬೇಕು. ಅದಕ್ಕಿಂತ ಹೊಸ ಬಾಡಿಗೆಯೇ ಅಗ್ಗ. ಅಂದಮೇಲೆ ನಾಲ್ಕು, ಐದನೆಯ ತಿಂಗಳ ಬೇಡಿಕೆ ಏನೇ ಆಗಲಿ, ಇಂದು ನೀವು ತರಬೇಕಾದದ್ದು 90 ಚೀಲ. ಅದಕ್ಕಿಂತ ಮುಂದಿನ ಚಿಂತೆ ಇಂದು ಬೇಡ.

ಹೀಗೆ ಇಂದಿನ ನಿರ್ಧಾರಕ್ಕೆ ಎಷ್ಟು ಮುಂದೆ ನೋಡಿದರೆ ಸಾಕೋ ಅದನ್ನು 'ಯೋಜನಾ ಅವಧಿ' ಎನ್ನಬಹುದು. ಬೇಡಿಕೆ ತಿಂಗಳಿಂದ ತಿಂಗಳಿಗೆ ಬದಲಾಗುವಾಗ ಇಂಥ ಗಡಿಯನ್ನು ಗುರುತಿಸುವ ಕ್ರಮವನ್ನು 1958ರಲ್ಲಿ ವ್ಯಾಗ್ನರ್ ಮತ್ತು ವಿಟಿನ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು.

ಆದರೆ ಈ ಲೆಕ್ಕದಲ್ಲಿ ಅಕ್ಕಿ ಯಾವಾಗಲೂ ಸಿಗುತ್ತದೆ, ಬೆಲೆ ಏರುಪೇರಾಗುವುದಿಲ್ಲ ಎಂಬ ನಂಬಿಕೆ ಅಡಗಿದೆ. ಗಿರಣಿಯವರಿಗೆ ಈ ಅನುಕೂಲವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮೇಲೆ ಭತ್ತ ವರ್ಷಕ್ಕೆ ಹೆಚ್ಚೆಂದರೆ ಎರಡು ಬೆಳೆ. ಸುಗ್ಗಿಯಲ್ಲಿ ಕೊಂಡದ್ದನ್ನು ಮುಂದಿನ ಸುಗ್ಗಿಯವರೆಗೆ ನಡೆಸಬೇಕು. ಅವರ ಅವಧಿಯ ಗಡಿ ಮುಂದಿನ ಸುಗ್ಗಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಗಿ ನೀರು ನದಿಗೆ ಹರಿದಾಗ ಆ ಗಡಿಯೇ ಅಲುಗಾಡಿತು. ಎರಡನೆಯ ಬೆಳೆ ಇಲ್ಲವೆಂದಾದರೆ ಅದೇ ದಾಸ್ತಾನನ್ನು ಇನ್ನೂ ಆರು ತಿಂಗಳು ಎಳೆಯಬೇಕಲ್ಲ!

ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಸೀಮೆಯ ಹಿರಿಯರಿಗೆ ಇದು ಹೊಸ ಪಾಠವಲ್ಲ. ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುವಾಗ ಅವರ ಕಣ್ಣು ಬರಬಹುದಾದ ಬರಗಾಲದ ಮೇಲಿರುತ್ತಿತ್ತು.

ಆದ್ದರಿಂದ ದಾಸ್ತಾನು ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ಮತ್ತೆ ತರಲು ತಗಲುವ ಖರ್ಚು ಹೆಚ್ಚೋ, ಇಟ್ಟುಕೊಳ್ಳುವ ಖರ್ಚು ಹೆಚ್ಚೋ? ಮತ್ತೆ ಬೇಕೆಂದಾಗ ಮಾಲು ಸಿಗುತ್ತದೆಯೋ? ಸಿಗುವುದಾದರೆ ಹತ್ತಿರ ನೋಡಿದರೆ ಸಾಕು. ಸಿಗದೆಂಬ ಅನುಮಾನವಿದ್ದರೆ ದೂರ ನೋಡಿ.