ಹೊಳೆಗೆ ಹೋಗುವ ದೇವರು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಬ್ಬಗಳನ್ನು ಯುಗಾದಿಯಿಂದ ಹೋಳಿಯವರೆಗೆ ಎಣಿಸುವುದು ವಾಡಿಕೆ. ಈ ಎಣಿಕೆಗೆ ಸಿಕ್ಕದ ಹಬ್ಬವೊಂದಿದೆ. ಹಳ್ಳಿಗರು ಅದನ್ನು ಅಲಾವಿ ಹಬ್ಬವೆನ್ನುತ್ತಾರೆ. ಪಂಚಾಂಗದಲ್ಲಿ ಅದು ಮೊಹರಂ.

ನಮ್ಮ ಚಾಂದ್ರಮಾನಕ್ಕೆ ಋತುವನ್ನು ಕಾಯ್ದುಕೊಳ್ಳಲು ಅಧಿಕಮಾಸವುಂಟು. ಹಿಜರಿ ಗಣನೆಗೆ ಅದಿಲ್ಲ. ಆ ವರ್ಷಕ್ಕೆ 354 ದಿನಗಳೇ ಆದುದರಿಂದ ಹಬ್ಬವು ವರ್ಷವರ್ಷವೂ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬಂದು, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತುತ್ತದೆ. ನಾನು ಬಾಲಕನಾಗಿದ್ದಾಗ, 1969ರಲ್ಲಿ, ಅದು ಮಾರ್ಚಿಯ ಬಿಸಿಲಿನಲ್ಲಿ ಬಂದಿತ್ತು. 2025ರಲ್ಲಿ ಜುಲೈ 6ರಂದು, ಆಷಾಢ ಏಕಾದಶಿಯ ದಿನವೇ ಬಂದಿತು. ಬಿತ್ತನೆಗೂ ಸುಗ್ಗಿಗೂ ಕಟ್ಟುಬೀಳದ ಈ ಹಬ್ಬವನ್ನು ನಮ್ಮ ರೈತ ತನ್ನದೆಂದು ಏಕೆ ಬಗೆದ?

ಉತ್ತರ ಕಥೆಯಲ್ಲಿಯೇ ಇದೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರಿಗೂ ಅವರ ಪರಿವಾರಕ್ಕೂ ಯುಫ್ರೆಟಿಸ್ ಹೊಳೆಯ ನೀರನ್ನು ತಡೆದರು. ಬಾಯಾರಿಕೆಯಲ್ಲಿಯೇ ಹೋರಾಡಿ ಅವರು ಮಡಿದರು. ಬರವನ್ನು ಬಲ್ಲ, ಘಟಪ್ರಭೆಯನ್ನು ತಾಯಿಯೆಂದ ಜನಕ್ಕೆ ಈ ಕಥೆಗೆ ವ್ಯಾಖ್ಯಾನ ಬೇಕಾಗಲಿಲ್ಲ. ಬಿಜಾಪುರದ ಆದಿಲಶಾಹಿ 1686ರಲ್ಲಿ ಮುಗಿಯಿತು. ಆ ಕಾಲದ ಗುಮ್ಮಟಗಳು ಹುಕ್ಕೇರಿಯಲ್ಲಿ ನಿಂತಿವೆ. ಕರ್ಬಲೆಯ ಕಥೆ ಮಾತ್ರ ಕನ್ನಡದ ಹಾಡಾಗಿ ಊರೂರು ನಡೆಯಿತು.

ವಿಭೂತಿ ಧರಿಸುವ ನನ್ನ ತಾಯಿ ಹರಕೆ ಹೊತ್ತು, ನನ್ನ ಕೊರಳಿಗೆ ಲಾಡಿ ಕಟ್ಟಿಸಿ, ನನ್ನನ್ನು ಫಕೀರನನ್ನಾಗಿ ಮಾಡಿದ್ದಳು. ಪಂಜಾದ ಮುಂದೆ ಸಕ್ಕರೆ ಓದಿಸಿ, ಚೊಂಗೆ ಹಂಚಿದಳು. ಆ ರಾತ್ರಿ ಹೆಜ್ಜೆಮೇಳದಲ್ಲಿ ನಮ್ಮ ನೆರೆಮನೆಯ ಒಕ್ಕಲು ಮುದುಕ ಹಾಡಿದ ಪದವನ್ನು ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮುಂದೆ ನಾನು ಕನ್ನಡ ಎಂ.ಎ. ಮಾಡಿ, ಮೂವತ್ತು ವರ್ಷ ಹರಿಶ್ಚಂದ್ರಕಾವ್ಯದ ಕರುಣರಸವನ್ನು ಬೋಧಿಸಿದೆ. ಗೋಕಾಕ ತಾಲೂಕಿನ ಬೆಟಗೇರಿಯ ಕೃಷ್ಣಶರ್ಮರು ಜನಪದ ಗೀತಗಳನ್ನು ಸಂಗ್ರಹಿಸಿ ತೋರಿದ ದಾರಿ ಕಣ್ಣೆದುರೇ ಇತ್ತು. ಆದರೂ ಆ ಮುದುಕನ ಪದವನ್ನು ಬರೆದುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ಓದು ಬಾರದವನ ಹಾಡೆಂಬ ಸಣ್ಣ ತಾತ್ಸಾರ ಮನಸ್ಸಿನಲ್ಲಿ ಇದ್ದಿರಬೇಕು. ನಿವೃತ್ತನಾಗಿ ಊರಿಗೆ ಬಂದಾಗ ಮುದುಕನಿರಲಿಲ್ಲ. ಅವನ ಮಕ್ಕಳಿಗೆ ಪಲ್ಲವಿಯೂ ನೆನಪಿರಲಿಲ್ಲ.

ಈಗ ಎರಡೂ ಕಡೆಗಳಲ್ಲಿ, ‘ಇದು ನಮ್ಮದಲ್ಲ’ ಎನ್ನುವವರಿದ್ದಾರೆ. ಅವರೊಡನೆ ವಾದಿಸಲು ನನ್ನ ಕೈಯಲ್ಲಿ ಆ ಹಾಡಿಲ್ಲ. ಇರುವುದು ಒಂದು ನೋಟ ಮಾತ್ರ: ಕಡೆಯ ದಿನ ದೇವರು ಹೊಳೆಗೆ ಹೊರಟಾಗ, ಓಣಿಯ ಹೆಣ್ಣುಮಕ್ಕಳು ಬಾಗಿಲಲ್ಲಿ ಕೊಡ ಹಿಡಿದು ನಿಂತು, ದೇವರು ಹೊತ್ತವರ ಕಾಲಿಗೆ ನೀರೆರೆಯುತ್ತಾರೆ. ಅಂದು ಕರ್ಬಲೆಯಲ್ಲಿ ಸಿಗದ ನೀರನ್ನು ಇಂದಿಗೂ ಎರೆಯುತ್ತಿದ್ದಾರೆ.

ಕೇಳುಗರೇ, ನಿಮ್ಮೂರಿನಲ್ಲಿ ಆ ಪದ ಬಲ್ಲ ಹಿರಿಯರಿದ್ದರೆ ಇಂದೇ ಹೋಗಿ ಬರೆದುಕೊಳ್ಳಿರಿ. ನಾನು ತಡಮಾಡಿದೆ.